ಕಲ್ಲು ಒಡೆಯುವುದನ್ನು ಯಾರೋ ಕಲಿಸಿದ್ದರು

ಆರನೇ ತರಗತಿಗೆ ‘ಆದಿಮಾನವ’ ಪಾಠ ಬಂದಾಗಲೆಲ್ಲ ನಾನು ಬೋರ್ಡಿನ ಮೇಲೆ ನಾಲ್ಕು ವಾಕ್ಯ ಬರೆಯುತ್ತಿದ್ದೆ. ಅವರು ಗುಹೆಯಲ್ಲಿ ಇರುತ್ತಿದ್ದರು. ಹಸಿ ಮಾಂಸ ತಿನ್ನುತ್ತಿದ್ದರು. ಎಲೆ, ತೊಗಟೆ ಸುತ್ತಿಕೊಳ್ಳುತ್ತಿದ್ದರು. ಅಲೆಮಾರಿಗಳಾಗಿದ್ದರು. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಅದನ್ನೇ ಒಪ್ಪಿಸುತ್ತಿದ್ದರು, ನಾನು ಅಂಕ ಕೊಡುತ್ತಿದ್ದೆ. ಗೋಡೆಯ ಚಾರ್ಟಿನಲ್ಲಿ ಬೆನ್ನು ಬಾಗಿದ, ಮೈತುಂಬ ಕೂದಲಿನ, ಕೈಯಲ್ಲಿ ದೊಣ್ಣೆ ಹಿಡಿದ ಒಬ್ಬ ಗಂಡಸು ಇರುತ್ತಿದ್ದ. ಅವನ ಜೊತೆ ಹೆಂಗಸಿಲ್ಲ, ಮಗುವಿಲ್ಲ, ಮುದುಕಿಯಿಲ್ಲ. ಹುಣಸಗಿ ಸೀಮೆಯ ಹಳ್ಳಿಗಳಲ್ಲಿ 31 ವರ್ಷ ಪಾಠ ಮಾಡಿದ ನಾನು, ಅದರಲ್ಲಿ ಅರ್ಧಕ್ಕೂ ಹೆಚ್ಚು ವರ್ಷ ಈ ಚಿತ್ರವನ್ನೇ ಮಕ್ಕಳ ತಲೆಗೆ ತುಂಬಿದೆ. ಅದಕ್ಕಾಗಿ ಇವತ್ತಿಗೂ ನನಗೆ ಸಂಕಟವಿದೆ.

ಆ ಪಾಠ ಬದಲಾದದ್ದು ಒಬ್ಬ ಹುಡುಗನಿಂದ. ಮುಂಗಾರಿನ ಮೊದಲ ಮಳೆ ಬಿದ್ದು ಹೊಲ ಹರಗುವ ದಿನಗಳು. ಅವನು ಚೀಲದಿಂದ ಅಂಗೈಗಿಂತ ಸ್ವಲ್ಪ ದೊಡ್ಡದೊಂದು ಕಲ್ಲು ತೆಗೆದು ನನ್ನ ಮೇಜಿನ ಮೇಲಿಟ್ಟ.

“ಅಕ್ಕೋರೇ, ಇದ ನೋಡ್ರಿ. ನಮ್ಮ ಹೊಲದಾಗ ಸಿಕ್ಕದ. ಇದು ತಾನಾ ಒಡದಿದ್ದಲ್ರಿ. ಯಾರೋ ಬೇಕಂತ ಮಾಡ್ಯಾರ.”

ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ಅವನದು ಕಲ್ಲು ಒಡೆಯುವ ಮನೆತನ. ಕಲ್ಲಿನ ಅಂಚಿನ ಮೇಲೆ ಬೆರಳಾಡಿಸುತ್ತ ಹೇಳಿದ: “ನಮ್ಮಪ್ಪ ಹೇಳ್ಯಾನ್ರಿ. ನಡುವ ಹೊಡದ್ರ ಕಲ್ಲು ಪುಡಿ ಆಗ್ತದ. ಅಂಚಿಗೆ ಓರೆ ಹೊಡದ್ರ ಚಕ್ಕಿ ಏಳ್ತದ. ಇಲ್ಲಿ ನೋಡ್ರಿ, ಇಲ್ಲೊಂದು ಎದ್ದದ, ಇಲ್ಲೊಂದು, ಇಲ್ಲೊಂದು. ಎರಡೂ ಮಗ್ಗಲು ಸರಿಯಾಗಿ ಹೊಡದಾನ.”

ತರಗತಿಯಲ್ಲಿ ಆ ಹುಡುಗ ಕೊನೆಯ ಸಾಲಿನವನು. ಓದು ಅಷ್ಟಕ್ಕಷ್ಟೇ. ಆದರೆ ಬಿ.ಎ.ಯಲ್ಲಿ ಇತಿಹಾಸ ಓದಿದ್ದ ನನಗೆ ಓದಲು ಬಾರದ ಒಂದು ಬರಹವನ್ನು ಅವತ್ತು ಅವನು ಸರಾಗವಾಗಿ ಓದಿದ. ಬುಡ ಅಗಲ, ತುದಿ ಚೂಪು, ಎರಡೂ ಮುಖದಲ್ಲಿ ಚಿಪ್ಪಿನಂತೆ ಎದ್ದ ಗುರುತುಗಳು. ವಿದ್ವಾಂಸರು ಅದನ್ನು ಕೈಗೊಡಲಿ ಎನ್ನುತ್ತಾರೆ. ಇಂಥ ಕೊಡಲಿಗಳ ಒಂದು ದೊಡ್ಡ ಕಾರ್ಖಾನೆಯನ್ನೇ ನಮ್ಮ ಶಾಲೆಯಿಂದ ಸೈಕಲ್ಲಿನ ಮೇಲೆ ಹೋಗಿಬರುವಷ್ಟು ದೂರದಲ್ಲಿ ಅಗೆದು ನೋಡಿದ್ದರು ಎಂಬುದು ನನಗೆ ತಿಳಿದದ್ದು ಆಮೇಲೆ.

ಆ ಊರು ಇಸಾಂಪುರ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1960ರ ದಶಕದಿಂದಲೇ ನಮ್ಮ ಸುರಪುರ ಸೀಮೆಯಲ್ಲಿ ಹೊಲ ಹೊಲ ತಿರುಗಿದವರು. ಹುಣಸಗಿ ಮತ್ತು ಬೈಚಬಾಳ ಕಣಿವೆಗಳು ಸೇರಿ ಸುಮಾರು 500 ಚದರ ಕಿಲೋಮೀಟರ್ ಆಗುತ್ತವೆ. ಅಷ್ಟರಲ್ಲಿ ಅವರು ಮತ್ತು ಅವರ ಜೊತೆಯವರು ಹಳೆ ಶಿಲಾಯುಗದ ನೆಲೆಗಳನ್ನು 200ರಷ್ಟು ಗುರುತಿಸಿದರು. ಇಸಾಂಪುರದ ಉತ್ಖನನ ನಡೆದದ್ದು 1997ರಿಂದ 2001ರವರೆಗೆ. ಸಿಕ್ಕ ಕಲ್ಲಿನ ವಸ್ತುಗಳು 15 ಸಾವಿರಕ್ಕೂ ಹೆಚ್ಚು. ಅದೇ ನೆಲದಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನ ಎನಾಮಲ್ ಪರೀಕ್ಷಿಸಿದಾಗ ಬಂದ ಕಾಲ ಸುಮಾರು 12 ಲಕ್ಷ ವರ್ಷ. ಪದ್ದಯ್ಯನವರಿಗೆ 2012ರಲ್ಲಿ ಪದ್ಮಶ್ರೀ ಬಂತು. ನಮ್ಮ ಭಾಗದ ಎಷ್ಟು ಶಾಲೆಗಳಲ್ಲಿ ಅವತ್ತು ಅವರ ಹೆಸರು ಹೇಳಿದರೋ, ನಮ್ಮಲ್ಲಂತೂ ಹೇಳಲಿಲ್ಲ.

12 ಲಕ್ಷ ವರ್ಷ ಎಂದರೆ ಮಕ್ಕಳಿಗೆ ಅಂದಾಜಾಗುವುದಿಲ್ಲ, ದೊಡ್ಡವರಿಗೂ ಆಗುವುದಿಲ್ಲ. ನಾನು ಹೀಗೆ ಹೇಳಿಕೊಡತೊಡಗಿದೆ. ಅಶೋಕನ ಮಸ್ಕಿ ಶಾಸನ ನಮಗೆ ಬಹಳ ಹಳೆಯದು, ಸುಮಾರು 2,250 ವರ್ಷ. ಆ ಶಾಸನದಿಂದ ಇವತ್ತಿನವರೆಗಿನ ದೂರವನ್ನು ಒಂದು ಹೆಜ್ಜೆ ಎಂದುಕೊಂಡರೆ ಇಸಾಂಪುರಕ್ಕೆ ಮುಟ್ಟಲು 500 ಹೆಜ್ಜೆಗೂ ಹೆಚ್ಚು ನಡೆಯಬೇಕು. ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಸುತ್ತು ಹಾಕಿಸಿ ಎಣಿಸಿದ್ದೇನೆ. ಮೊದಲ ಹೆಜ್ಜೆಯಲ್ಲೇ ಕಲ್ಯಾಣದ ಶರಣರು, ಬಹಮನಿ ಸುಲ್ತಾನರು, ಸುರಪುರದ ನಾಯಕರು, ಎಲ್ಲರೂ ಮುಗಿದುಹೋಗುತ್ತಾರೆ.

ಆ ಕಲ್ಲು ಒಡೆದವರು ನಮ್ಮ ಜಾತಿಯ ಮನುಷ್ಯರೂ ಅಲ್ಲ. ನಮ್ಮಂಥವರ, ಅಂದರೆ ಹೋಮೊ ಸೇಪಿಯನ್ಸರ ಅತಿ ಹಳೆಯ ಎಲುಬುಗಳು ಮೊರಾಕ್ಕೊದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕಿವೆ. ಅವುಗಳ ವಯಸ್ಸು ಸುಮಾರು 3 ಲಕ್ಷ ವರ್ಷ. ಇಸಾಂಪುರದವರು ಅದಕ್ಕಿಂತ ಎಷ್ಟೋ ಹಿಂದಿನವರು. ಆಫ್ರಿಕದಲ್ಲಿ ಇಂಥದೇ ಕೈಗೊಡಲಿ ಮಾಡುತ್ತಿದ್ದ ಹೋಮೊ ಇರೆಕ್ಟಸ್ ಬಳಗದವರಿರಬಹುದು. ನಮ್ಮ ಕಣಿವೆಯಲ್ಲಿ ಅವರ ಎಲುಬು ಸಿಕ್ಕಿಲ್ಲ. ಭಾರತದಲ್ಲಿ ಸಿಕ್ಕ ಪುರಾತನ ಮಾನವ ತಲೆಬುರುಡೆ ಎಂದರೆ ಮಧ್ಯಪ್ರದೇಶದ ಹಥ್ನೋರಾದ ಬಳಿ ನರ್ಮದೆಯ ದಂಡೆಯಲ್ಲಿ 1982ರಲ್ಲಿ ಅರುಣ್ ಸೋನಕಿಯಾ ಅವರಿಗೆ ಸಿಕ್ಕದ್ದು. ಹಾಗಾಗಿ ನಮ್ಮ ಕಣಿವೆಯ ಜನರ ಮುಖ ನಾವು ಕಾಣೆವು. ಅವರ ಕೈಕೆಲಸ ಮಾತ್ರ ಕಾಣುತ್ತದೆ.

ಆ ಕೈಕೆಲಸದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ನಮ್ಮ ಕಡೆಯ ಸುಣ್ಣದ ಕಲ್ಲು ಪದರು ಪದರಾಗಿ ಏಳುತ್ತದೆ. ಮನೆಯ ನೆಲಕ್ಕೆ, ಮಾಡಿಗೆ, ಬಚ್ಚಲಿಗೆ ಹಾಸುವ ಪರಸಿ ಕಲ್ಲು ಅದೇ. ಇಸಾಂಪುರದವರು ಅಂಥ ಹಾಸುಗಲ್ಲು ನೆಲದಿಂದ ಸಡಿಲವಾಗಿ ಏಳುವ ಜಾಗವನ್ನೇ ಆರಿಸಿಕೊಂಡಿದ್ದರು. ಕೆಲಸಕ್ಕೆ ತಕ್ಕ ದಪ್ಪ ನೋಡಿ ಹಲಗೆಗಳನ್ನು ಎಬ್ಬಿಸಿದರು. ತೆಳು ಹಲಗೆಯನ್ನು ನೇರವಾಗಿ ಅಂಚು ಒಡೆದು ಕೈಗೊಡಲಿ ಮಾಡಿದರು. ದಪ್ಪ ಹಲಗೆಯಿಂದ ದೊಡ್ಡ ಚಕ್ಕೆ ಎಬ್ಬಿಸಿ, ಆ ಚಕ್ಕೆಯನ್ನು ಸೀಳುಗೊಡಲಿಯಾಗಿ ತಿದ್ದಿದರು. ಒಡೆಯುವ ಸುತ್ತಿಗೆಕಲ್ಲು ಮಾತ್ರ ಬೇರೆ ಬೇರೆ: ಕರಿಗಲ್ಲು, ಬೆಣಚು ಜಾತಿಯ ಗಟ್ಟಿ ಕಲ್ಲು, ಚರ್ಟ್. ಯಾವುದರಿಂದ ಯಾವುದನ್ನು ಹೊಡೆಯಬೇಕು, ಎಷ್ಟು ಜೋರು, ಯಾವ ಕೋನ, ಮೊದಲು ಯಾವ ಮಗ್ಗಲು, ಎಲ್ಲಿ ನಿಲ್ಲಿಸಬೇಕು, ಇದೆಲ್ಲ ಗೊತ್ತಿಲ್ಲದಿದ್ದರೆ ಕೈಗೊಡಲಿ ಆಗುವುದಿಲ್ಲ. ಕೈಗೆ ಗಾಯವಾಗುತ್ತದೆ, ಅಷ್ಟೇ.

ಸೆರಿ ಶಿಪ್ಟನ್, ಮೈಕೆಲ್ ಪೆಟ್ರಾಗ್ಲಿಯಾ ಮತ್ತು ಪದ್ದಯ್ಯ ಸೇರಿ ಇಸಾಂಪುರದ ವಿಧಾನದಲ್ಲಿ ಕಲ್ಲು ಒಡೆಯುವ ಪ್ರಯೋಗ ಮಾಡಿ 2009ರಲ್ಲಿ ಅದನ್ನು ಪ್ರಕಟಿಸಿದರು. ಮರುವರ್ಷ ಶಿಪ್ಟನ್ ಬರೆದ ಲೇಖನದ ವಾದ ನನ್ನಂಥ ಮಾಸ್ತರಿಕೆಯವಳಿಗೆ ಮೈ ಜುಮ್ಮೆನಿಸುವಂಥದು. ಇಷ್ಟು ಉದ್ದನೆಯ ಕೆಲಸದ ಸರಣಿಯನ್ನು ಒಬ್ಬೊಬ್ಬರೂ ತಾವೇ ಹೊಸದಾಗಿ ಕಂಡುಹಿಡಿದುಕೊಳ್ಳುವುದು ಆಗದ ಮಾತು, ಒಬ್ಬರು ಮಾಡುವುದನ್ನು ಇನ್ನೊಬ್ಬರು ಹೆಜ್ಜೆ ಹೆಜ್ಜೆಗೂ ನೋಡಿ ಹಾಗೆಯೇ ಮಾಡಿರಬೇಕು, ಅದಕ್ಕೆ ಮಾಡುವವರು ಮತ್ತು ನೋಡುವವರ ನಡುವೆ ಒಂದೇ ಉದ್ದೇಶ ಬೇಕು ಎನ್ನುತ್ತಾರೆ ಅವರು. ನನ್ನ ಮಾತಿನಲ್ಲಿ ಹೇಳುವುದಾದರೆ, ಅಲ್ಲಿ ಕಲಿಯುವವರಿದ್ದರು, ಕಲಿಸುವವರೂ ಇದ್ದರು.

ಅದು ಹೇಗಿತ್ತು ಎಂದು ಯೋಚಿಸಿದಾಗ ನನಗೆ ನೆನಪಾಗುವುದು ನಮ್ಮವ್ವ ರೊಟ್ಟಿ ಬಡಿಯುವುದನ್ನು ಕಲಿಸಿದ್ದು. ಅವಳು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಜೋಳದ ಹಿಟ್ಟಿಗೆ ಎಸರು ಎಷ್ಟು ಎಂದು ಅಳತೆ ಹೇಳಲಿಲ್ಲ. ಪಕ್ಕಕ್ಕೆ ಕೂರಿಸಿಕೊಂಡಳು, ಒಂದು ಉಂಡೆ ನನ್ನ ಮುಂದಿಟ್ಟಳು. ನನ್ನ ರೊಟ್ಟಿ ಅಂಚು ಒಡೆದಾಗ ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ನಾಲ್ಕು ಸುತ್ತು ತಿರುಗಿಸಿದಳು. ಕೆಟ್ಟ ರೊಟ್ಟಿಯನ್ನು ತಾನೇ ತಿಂದಳು. ಹತ್ತು ಹನ್ನೆರಡು ದಿನ ಹೀಗೇ ನಡೆಯಿತು. ಇಸಾಂಪುರದ ಮಾತಿಲ್ಲದ ಅಥವಾ ಅರ್ಧ ಮಾತಿನ ಆ ಪಾಠವೂ ಹೀಗೇ ಇದ್ದಿರಬೇಕು ಎಂದು ನನ್ನ ನಂಬಿಕೆ. ಕಲಿಯುವ ಮಗು ಕೆಡಿಸಿದ ಕಲ್ಲುಗಳೂ ಆ 15 ಸಾವಿರದಲ್ಲಿ ಇದ್ದೇ ಇರುತ್ತವೆ. ಕೆಡಿಸಲು ಬಿಡದೆ ಯಾರೂ ಯಾರಿಗೂ ಏನನ್ನೂ ಕಲಿಸಲಾರರು. ಅಂದರೆ ಒಳ್ಳೆಯ ಕಲ್ಲು ಹಾಳಾದರೂ ಆಗಲಿ, ಇವಳು ಕಲಿಯಲಿ ಎಂದು ಸುಮ್ಮನೆ ಕುಳಿತು ನೋಡಿದ ಒಬ್ಬರು ಅಲ್ಲಿದ್ದರು.

ಕೈಗೊಡಲಿಯ ಬಗ್ಗೆ ಒಂದು ತಾತ್ಸಾರದ ಮಾತಿದೆ. ಆಫ್ರಿಕದಲ್ಲಿ ಅದು ಕಾಣಿಸಿಕೊಂಡದ್ದು ಸುಮಾರು 17.6 ಲಕ್ಷ ವರ್ಷದ ಹಿಂದೆ. ಆಮೇಲೆ ಹತ್ತು ಲಕ್ಷಕ್ಕೂ ಹೆಚ್ಚು ವರ್ಷ ಹೆಚ್ಚುಕಡಿಮೆ ಅದೇ ಆಕಾರ. ಹೊಸದನ್ನು ಯೋಚಿಸುವ ಬುದ್ಧಿ ಇರಲಿಲ್ಲ, ಅದಕ್ಕೇ ಬದಲಾಗಲಿಲ್ಲ ಎನ್ನುವವರಿದ್ದಾರೆ. ನನಗೆ ಅದು ಬೇರೆಯಾಗಿ ಕಾಣುತ್ತದೆ. ಹತ್ತು ಲಕ್ಷ ವರ್ಷದಲ್ಲಿ ಎಷ್ಟು ಬರಗಾಲ ಬಂದಿರಬೇಕು, ಎಷ್ಟು ಗುಂಪುಗಳು ನಾಶವಾಗಿರಬೇಕು! ಆದರೂ ಆ ಪಾಠ ತಪ್ಪಿಹೋಗಲಿಲ್ಲ. ಒಂದು ತಲೆಮಾರು ಕಲಿಸದೆ ಬಿಟ್ಟಿದ್ದರೂ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮೂರಲ್ಲಿ ಕೌದಿ ಹೊಲಿಯುವ ಕಸುಬು ನನ್ನ ಕಣ್ಣೆದುರು ಒಂದೇ ತಲೆಮಾರಿನಲ್ಲಿ ಕಡಿಮೆಯಾಯಿತು. ಕಲಿಸಿದ್ದು ಉಳಿಯುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತಿರಬೇಕು.

ಇನ್ನು ‘ಅಲೆಮಾರಿ’ ಎಂಬ ಮಾತು. ಗೊತ್ತು ಗುರಿಯಿಲ್ಲದೆ ತಿರುಗುವವರು ಎಂಬ ಅರ್ಥದಲ್ಲಿ ನಾವದನ್ನು ಬಳಸುತ್ತೇವೆ. ಪದ್ದಯ್ಯನವರು ಈ ಕಣಿವೆಯ ನೀರು, ನೆಲ, ಗಿಡ, ಪ್ರಾಣಿ ಎಲ್ಲವನ್ನೂ ಲೆಕ್ಕ ಹಾಕಿ ಬೇರೆಯದೇ ಚಿತ್ರ ಕೊಟ್ಟರು. ಮಳೆಗಾಲದಲ್ಲಿ ಹಳ್ಳಕೊಳ್ಳ ತುಂಬಿದಾಗ ಚಿಕ್ಕ ಚಿಕ್ಕ ಗುಂಪುಗಳಾಗಿ ಕಣಿವೆಯ ತುಂಬ ಹರಡಿಕೊಳ್ಳುವುದು, ಬೇಸಿಗೆಯಲ್ಲಿ ಬತ್ತದ ಸೆಲೆಗಳ ಹತ್ತಿರ ಬಂದು ಕೂಡುವುದು. ನಮ್ಮ ಕಡೆಯ ಬೇಸಿಗೆ ಕಂಡವರಿಗೆ ಇದರ ಸತ್ಯ ಬಿಡಿಸಿ ಹೇಳಬೇಕಿಲ್ಲ. ಏಪ್ರಿಲಿನಲ್ಲಿ ಎಲ್ಲಿ ನೀರು ಇರುತ್ತದೆ ಎಂಬುದನ್ನು ಜುಲೈಯಲ್ಲೇ ತಿಳಿದವರು ಗುರಿಯಿಲ್ಲದವರಲ್ಲ. ನಾನು ಚಿಕ್ಕವಳಿದ್ದಾಗ ದನ ಕಾಯಲು ಹೋದರೆ ಮನೆಯಿಂದ ಬುತ್ತಿ ಕಟ್ಟಿಸಿಕೊಳ್ಳುತ್ತಿರಲಿಲ್ಲ. ಬಾರಿಹಣ್ಣು, ಕಾರಿಹಣ್ಣು, ಕವಳಿಹಣ್ಣು, ಹೊಲದ ಬದುವಿನ ಸೊಪ್ಪು, ಅಷ್ಟರಲ್ಲೇ ಹೊಟ್ಟೆ ತುಂಬುತ್ತಿತ್ತು. ಯಾವ ಗಿಡ ಯಾವ ತಿಂಗಳು, ಯಾವುದನ್ನು ತಿಂದರೆ ಬಾಯಿ ಕೆರೆಯುತ್ತದೆ ಎಂಬುದೆಲ್ಲ ನಮಗೆ ದೊಡ್ಡ ಹುಡುಗಿಯರಿಂದ ಬಂದ ವಿದ್ಯೆ. ಬೇಟೆಯ ಗಂಡಸನ್ನೇ ಚಾರ್ಟಿನಲ್ಲಿ ಬರೆದವರು ಈ ಹುಡುಗಿಯರನ್ನು ಮರೆತರು.

ಮುದುಕರನ್ನೂ ಮರೆತರು. ಜಾರ್ಜಿಯಾ ದೇಶದ ದ್ಮಾನಿಸಿಯಲ್ಲಿ ಸುಮಾರು 17.7 ಲಕ್ಷ ವರ್ಷದ ಹಿಂದಿನ ತಲೆಬುರುಡೆಗಳು ಸಿಕ್ಕಿವೆ. ಅದರಲ್ಲಿ ಒಂದು ಮುಪ್ಪಿನದು. ಹೆಚ್ಚುಕಡಿಮೆ ಎಲ್ಲ ಹಲ್ಲೂ ಉದುರಿ, ಹಲ್ಲು ಕೂರುವ ಕುಳಿಗಳೂ ಮುಚ್ಚಿಹೋಗಿವೆ. ಕುಳಿ ಮುಚ್ಚಲು ಕಾಲ ಬೇಕು, ಅಂದರೆ ಆ ಜೀವ ಹಲ್ಲಿಲ್ಲದೆ ಕೆಲವು ವರ್ಷ ಬದುಕಿತ್ತು. ಹೇಗೆ ಬದುಕಿತು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ವಾದಗಳಿವೆ. ಮೆತ್ತಗಿನದನ್ನು ತಾನೇ ಆರಿಸಿ ತಿಂದಿರಬಹುದು, ಯಾರೋ ಕಲ್ಲಿನಿಂದ ಜಜ್ಜಿ ಕೊಟ್ಟಿರಬಹುದು. ನಮ್ಮಜ್ಜಿಗೆ ಕೊನೆಯ ಆರು ವರ್ಷ ಹಲ್ಲಿರಲಿಲ್ಲ. ರೊಟ್ಟಿ ಮುರಿದು ಬಿಸಿ ಹಾಲಿನಲ್ಲಿ ನೆನೆಸಿ, ಕಿವುಚಿ ಕೊಡುವುದು ಮನೆಯಲ್ಲಿ ನನ್ನ ಪಾಲಿನ ಕೆಲಸ. ದ್ಮಾನಿಸಿಯ ಆ ಬುರುಡೆಯ ಚಿತ್ರ ನೋಡಿದಾಗ ಜಜ್ಜಿ ಕೊಟ್ಟ ಕೈಯೇ ನನಗೆ ಹೆಚ್ಚು ನಿಜವೆನಿಸಿತು. ಇದು ಪುರಾವೆಯಲ್ಲ, ನನ್ನ ಅನಿಸಿಕೆ. ಆದರೆ ಆ ಜೀವವನ್ನು ‘ಅನಾಗರಿಕ’ ಎನ್ನುವುದಕ್ಕೂ ಪುರಾವೆ ಇಲ್ಲವಲ್ಲ!

ನಮ್ಮ ಸೀಮೆಯ ಕಥೆ 12 ಲಕ್ಷ ವರ್ಷದ ಹಿಂದೆಯೇ ನಿಂತಿಲ್ಲ. ಸುರಪುರದ ಬಳಿಯ ಬೂದಿಹಾಳದಲ್ಲಿ 4,000 ವರ್ಷಕ್ಕೂ ಹಿಂದೆ ದನ ಸಾಕಿದವರ ಬೂದಿದಿಬ್ಬವಿದೆ. ಅಂಥ ದಿಬ್ಬಗಳನ್ನು ಜನ ರಾಕ್ಷಸರನ್ನು ಸುಟ್ಟ ಬೂದಿ ಎನ್ನುತ್ತಿದ್ದರು. ಅದು ಸಗಣಿ ಸುಟ್ಟ ಬೂದಿ. ಬಳ್ಳಾರಿಯ ಸಂಗನಕಲ್ಲಿನ ಸುತ್ತ ರವಿ ಕೋರಿಶೆಟ್ಟರ್ ಮತ್ತು ಡೋರಿಯನ್ ಫುಲ್ಲರ್ ಮಣ್ಣು ತೊಳೆದು ಹುಡುಕಿದಾಗ ಹೊಸ ಶಿಲಾಯುಗದವರ ಸುಟ್ಟ ಕಾಳುಗಳು ಸಿಕ್ಕವು: ಹುರುಳಿ, ಹೆಸರು, ಕೊರಲೆ. ಈಗ ಅಂಗಡಿಯಲ್ಲಿ ಸಿರಿಧಾನ್ಯವೆಂದು ದುಬಾರಿ ಬೆಲೆಗೆ ಕೊಳ್ಳುವ ಕೊರಲೆ ಈ ನೆಲದವರು ಮೊದಲು ಬೆಳೆದ ಧಾನ್ಯಗಳಲ್ಲೊಂದು.

ಈಗ ನನ್ನ ತಕರಾರಿಗೆ ಬರುತ್ತೇನೆ.

ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆ ನಮ್ಮ ಭಾಗಕ್ಕೆ ನೀರು ತಂದಿತು. ಆ ನೀರಿಗೆ ನಾನು ಕೈಮುಗಿಯುತ್ತೇನೆ. ನಮ್ಮ ತಮ್ಮಂದಿರು ಗುಳೆ ಹೋಗುವುದು ನಿಂತದ್ದು ಅದರಿಂದ. ಸಜ್ಜೆ, ತೊಗರಿ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಯಾದವು. ಗದ್ದೆಯಾಗಬೇಕಾದರೆ ನೆಲ ಮಟ್ಟವಾಗಬೇಕು, ಮಟ್ಟವಾಗಬೇಕಾದರೆ ದಿಬ್ಬ ಕಡಿದು ತಗ್ಗು ತುಂಬಬೇಕು. ನಮ್ಮ ಕಣಿವೆಯ ಹಳೆ ಶಿಲಾಯುಗದ ನೆಲೆಗಳು ಇರುವುದೇ ಮೇಲ್ಮಣ್ಣಿನ ಅಡಿಯಲ್ಲಿ, ಮೊಳ ಎರಡು ಮೊಳ ಆಳದಲ್ಲಿ. ಜೆಸಿಬಿಯ ಬಕೆಟ್ ಒಂದು ಸಲ ಎಳೆದರೆ ಸಾಕು. ಕಲ್ಲು ಹಾಳಾಗುವುದಿಲ್ಲ, ಅದು ಗಟ್ಟಿ. ಹಾಳಾಗುವುದು ಅದು ಬಿದ್ದಿದ್ದ ಜಾಗ. ಯಾವ ಚಕ್ಕೆಯ ಪಕ್ಕ ಯಾವ ಕಲ್ಲು, ಯಾವುದರ ಜೊತೆ ಯಾವ ಹಲ್ಲು ಎಂಬುದು ಒಮ್ಮೆ ಕಲಸಿಹೋದರೆ ಆಮೇಲೆ ಅಲ್ಲಿ ಕಲಿತವರೂ ಇಲ್ಲ, ಕಲಿಸಿದವರೂ ಇಲ್ಲ, ಬರೀ ಕಲ್ಲಿನ ಗುಡ್ಡೆ.

ಕೋಟೆ, ಗುಡಿ, ಶಾಸನ ಇದ್ದಲ್ಲಿ ಫಲಕ ನಿಲ್ಲುತ್ತದೆ, ಬೇಲಿ ಬರುತ್ತದೆ. ಹೊಲದ ಕಲ್ಲಿಗೆ ಯಾರು ಬೇಲಿ ಹಾಕುತ್ತಾರೆ? ಇನ್ನೂರು ಹೊಲಗಳಿಗೆ ಬೇಲಿ ಹಾಕಿ ರೈತರನ್ನು ಹೊರಗಿಡಿ ಎಂದು ನಾನೂ ಕೇಳುವುದಿಲ್ಲ, ಅದು ಅನ್ಯಾಯ. ನಾನು ಕೇಳುವುದು ಸಣ್ಣದು. ಈಗಾಗಲೇ ಗುರುತಾಗಿರುವ ನೆಲೆಗಳ ಪಟ್ಟಿ ವಿದ್ವಾಂಸರ ಪುಸ್ತಕಗಳಲ್ಲಿದೆ. ಅದನ್ನು ಸರ್ವೆ ನಂಬರಿನ ಸಮೇತ ಆಯಾ ಗ್ರಾಮ ಪಂಚಾಯಿತಿಗೆ ಕೊಡಲಿ. ಆ ನಂಬರಿನ ಹೊಲ ಮಟ್ಟ ಮಾಡುವವರು ಒಂದು ವಾರ ಮೊದಲು ತಿಳಿಸಲಿ, ತಿಳಿದವರು ಬಂದು ನೋಡಲಿ, ಅಗತ್ಯವಿದ್ದಲ್ಲಿ ಬೆಳೆಯ ನಷ್ಟ ಕಟ್ಟಿಕೊಟ್ಟು ಒಂದು ಗುಂಟೆ ಅಗೆಯದೆ ಬಿಡಿಸಲಿ. ಬಳ್ಳಾರಿಯಲ್ಲಿ ಸಂಗನಕಲ್ಲಿನ ಹೆಸರಿನಲ್ಲಿ ಒಂದು ಒಳ್ಳೆಯ ವಸ್ತುಸಂಗ್ರಹಾಲಯ ಆಗಿದೆ. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಕೈಗೊಡಲಿ ಗುರುತಿಸಿ ಭಾರತದ ಶಿಲಾಯುಗದ ಅಧ್ಯಯನಕ್ಕೆ ದಾರಿ ತೆರೆದ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರೂ ಅದಕ್ಕಿದೆ. ಹುಣಸಗಿಯಲ್ಲಿ ಅಂಥದೊಂದು ಎರಡು ಕೋಣೆಯ ಮನೆಯಾದರೂ ಆಗಲಿ, ಅಲ್ಲಿ ಕಲ್ಲು ಒಡೆದು ತೋರಿಸಲು ನಮ್ಮೂರಿನ ಕಲ್ಲಿನ ಕಸುಬಿನವರನ್ನೇ ಸಂಬಳ ಕೊಟ್ಟು ನೇಮಿಸಲಿ. ಎಂ.ಎ. ಓದಿದವರು ಕಾಲದ ಲೆಕ್ಕ ಹೇಳಲಿ, ಪೆಟ್ಟಿನ ಲೆಕ್ಕ ಇವರು ಹೇಳಲಿ.

ಪಾಠದಲ್ಲೂ ಬದಲಾಗಬೇಕು. ‘ಗುಹೆ’ ಎಂದು ಬರೆಸುತ್ತಿದ್ದೆನಲ್ಲ, ಇಸಾಂಪುರದಲ್ಲಿ ಗುಹೆಯೇ ಇಲ್ಲ! ಬಯಲು, ಹಳ್ಳ, ಆಕಾಶ ಅಷ್ಟೇ. ಪರೀಕ್ಷೆಯಲ್ಲಿ ನಮ್ಮೂರ ಮಗು ‘ಬಯಲಿನಲ್ಲಿ, ನೀರಿನ ಸೆಲೆಯ ಹತ್ತಿರ ಇರುತ್ತಿದ್ದರು’ ಎಂದು ಬರೆದರೆ ಅಂಕ ಸಿಗಬೇಕು. ನಿವೃತ್ತಿಗೆ ಮೊದಲಿನ ಕೊನೆಯ ಕೆಲವು ವರ್ಷ ನಾನು ಕೊಟ್ಟೆ.

ಆ ಹುಡುಗನ ಕಲ್ಲನ್ನು ಒಂದು ವಾರ ತರಗತಿಯಲ್ಲಿಟ್ಟು, ಎಲ್ಲರ ಕೈಗೂ ಕೊಟ್ಟು, ಆಮೇಲೆ ಸಿಕ್ಕಿದ ಜಾಗಕ್ಕೇ ಅವನ ಕೈಯಿಂದ ಮರಳಿ ಇಡಿಸಿದೆ. ಅವನು ಹತ್ತನೇ ತರಗತಿ ಮುಗಿಸಲಿಲ್ಲ. ಈಗ ಜೆಸಿಬಿ ಓಡಿಸುತ್ತಾನೆ. ಹೋದ ತಿಂಗಳು ಸಂತೆಯಲ್ಲಿ ಸಿಕ್ಕು ಕಾಲು ಮುಟ್ಟಿ ನಮಸ್ಕರಿಸಿದ. ಯಾರ ಹೊಲ ಮಟ್ಟ ಮಾಡುತ್ತಿದ್ದೀಯಪ್ಪ ಎಂದು ಕೇಳಿದೆ. ಹೇಳಿದ. ಹಳ್ಳದ ಮಗ್ಗುಲಿನ ಹೊಲ, ಚಕ್ಕೆಗಳು ಕಾಲಿಗೆ ಚುಚ್ಚುವಷ್ಟಿವೆ ಎಂದು ನನಗೆ ಗೊತ್ತಿರುವ ಜಾಗ.

“ಗೌಡ್ರಿಗೆ ನಾನೂ ಹೇಳೇನ್ರಿ ಅಕ್ಕೋರೇ,” ಅಂದ. “ಐತವಾರದ ತನಕ ಗಾಡಿ ಇಳಿಸಂಗಿಲ್ಲ. ನೀವು ಹುಡುಗರನ್ನ ಕರಕೊಂಡು ಬರ್ರಿ, ಎಲ್ಲೆಲ್ಲಿ ಅವ ನಾ ತೋರಸ್ತೀನಿ.”

ಭಾನುವಾರ ಬೆಳಗ್ಗೆ ಏಳಕ್ಕೆ ಒಂಬತ್ತು ಮಕ್ಕಳೊಂದಿಗೆ ಹೋದೆ. ಅವನು ಆಗಲೇ ಬದುವಿನ ಮೇಲೆ ಕುಳಿತಿದ್ದ. ಮಟ್ಟ ಮಾಡಬಾರದ ಜಾಗದ ಸುತ್ತ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆದಿದ್ದ.